ಹನ್ನೊಂದನೇ ತಳಿಯ ಎಲೆಗಳು

ಎಲೆ ಕಳುವಾಗುತ್ತಿದೆ ಎಂದು ನಾನು ಹೇಳಿದಾಗ ಮೊದಲು ಯಾರೂ ನಂಬಲಿಲ್ಲ. ಮರಗೆಣಸಿನ ಎಲೆ ಕದ್ದು ಯಾರು ಏನು ಮಾಡಿಯಾರು? ತಿರುವನಂತಪುರದಲ್ಲಿ ಇದನ್ನು ಕಪ್ಪ ಎನ್ನುತ್ತಾರೆ. ಗೆಡ್ಡೆ ಬೇಯಿಸಿ ಮೀನು ಸಾರಿನ ಜೊತೆ ತಿನ್ನುತ್ತಾರೆ, ಕಡ್ಡಿಯನ್ನು ಮುಂದಿನ ಬೆಳೆಗೆ ಎತ್ತಿಡುತ್ತಾರೆ. ಎಲೆ ಯಾರಿಗೂ ಬೇಡ. ಅದರಲ್ಲಿ ಸಯನೈಡ್ ಇರುತ್ತದೆ. ಆಡು ಹಸಿ ಎಲೆಯನ್ನು ಹೊಟ್ಟೆ ತುಂಬ ಮೇಯ್ದರೆ ಕಾಲು ಚಾಚಿ ಮಲಗಿಬಿಡುತ್ತದೆ.

ನಾನು ಊರ ಹೊರಗಿನ ಒಂದು ಬೆಳೆ ಸಂಶೋಧನಾ ಕೇಂದ್ರದಲ್ಲಿ ಹೊಲದ ಪ್ರಯೋಗಗಳನ್ನು ನೋಡಿಕೊಳ್ಳುವವಳು. ಆ ವರ್ಷ ಹದಿನೆಂಟು ಹೊಸ ತಳಿಗಳನ್ನು ಹೋಲಿಸಿ ನೋಡುತ್ತಿದ್ದೆವು. ಪ್ರತಿ ತಳಿಗೆ ಮೂರು ತಾಕು, ಅಂದರೆ ಅಳೆದು ಬಿಟ್ಟ ಹೊಲದ ಸಣ್ಣ ತುಂಡುಗಳು. ಪ್ರತಿ ಸೋಮವಾರ ಬೆಳಿಗ್ಗೆ ಲೆಕ್ಕದ ಗಿಡಗಳ ಎಲೆ ಎಣಿಸಿ ಬರೆಯುವುದು ನನ್ನ ಕೆಲಸ. ಹನ್ನೊಂದನೇ ತಳಿಯ ಮೇಲೆ ನನಗೆ ಜೀವ. ಕಹಿ ತಳಿ ಅದು, ತಿನ್ನಲು ಬಾರದು, ಆದರೆ ಪಿಷ್ಟ ತುಂಬಿಕೊಂಡಿರುತ್ತದೆ, ಎಲೆ ಮುರುಟುವ ರೋಗಕ್ಕೂ ಜಗ್ಗುವುದಿಲ್ಲ. ಎರಡು ವರ್ಷ ಎಲ್ಲದಕ್ಕಿಂತ ಮುಂದಿತ್ತು. ಮೂರನೇ ವರ್ಷವೂ ಹಾಗೇ ಬಂದರೆ ರೈತರ ಹೊಲಕ್ಕೆ ಹೋಗುತ್ತಿತ್ತು. ನಾಟಿಯ ಹೊತ್ತಿಗೆ ಅದರ ಕಡ್ಡಿ ಒಂದಷ್ಟು ಕೊಳೆತು ಕೊರತೆ ಬಿದ್ದಿತ್ತು. ಹೇಗೋ ಹೊಂದಿಸಿಕೊಂಡು ನೆಡಿಸಿದ್ದೆ.

ಅಕ್ಟೋಬರ್‌ನಲ್ಲಿ ಹನ್ನೊಂದನೇ ತಳಿಯ ಮೂರನೇ ತಾಕಿನಲ್ಲಿ ಲೆಕ್ಕ ತಪ್ಪಿತು. ಹಿಂದಿನ ವಾರ ಅರವತ್ತು ಎಲೆಯಿದ್ದ ಗಿಡದಲ್ಲಿ ಐವತ್ತೆರಡು. ಪಕ್ಕದ್ದರಲ್ಲೂ ಹಾಗೇ. ಎಣಿಸುವಾಗ ಕಣ್ಣು ಕೈಕೊಟ್ಟಿತೇನೋ ಎಂದು ಮತ್ತೆ ಎಣಿಸಿದೆ. ಉದುರಿದ್ದರೆ ಕೆಳಗಿನ ಹಣ್ಣೆಲೆ ಉದುರಬೇಕು. ಇಲ್ಲಿ ಹೋದದ್ದು ಕೊಂಬೆಗಳ ಎಳೆ ಎಲೆ, ತುದಿಯಿಂದ ಮೂರನೆಯದು, ನಾಲ್ಕನೆಯದು, ಐದನೆಯದು.

ಹೊಲದ ಕೆಲಸದ ಹಿರಿಯ ಹೆಂಗಸನ್ನು ಕರೆದು ತೋರಿಸಿದೆ. ಎಲ್ಲರಿಗೂ ಅವಳು ಚೇಚ್ಚಿ, ಅಂದರೆ ಅಕ್ಕ, ಇಪ್ಪತ್ತು ವರ್ಷದಿಂದ ಆ ಮಣ್ಣಿನಲ್ಲೇ ಇರುವವಳು. ಬಗ್ಗಿ ತೊಟ್ಟಿನ ತುದಿ ನೋಡಿದಳು.

"ಇದು ಆಡಲ್ಲ ಮೇಡಂ. ಹುಳವೂ ಅಲ್ಲ. ಉಗುರಿನಲ್ಲಿ ಚಿವುಟಿದ್ದು."

"ಯಾರು?"

"ಕೆಲಸ ಗೊತ್ತಿರುವವರು. ಕೊಂಬೆಗೆ ಒಂದಿಷ್ಟೂ ನೋವು ಮಾಡಿಲ್ಲ ನೋಡಿ."

ನನ್ನ ತಲೆಗೆ ಹುಳ ಬಿಟ್ಟಂತಾಯಿತು. ಸಸ್ಯದ ಡಿಎನ್‌ಎ ತೆಗೆಯಬೇಕಾದರೆ ಇದೇ ಎಲೆ ಕೀಳಬೇಕು, ಹೀಗೇ ಕೀಳಬೇಕು. ಬಿಡುಗಡೆಯಾಗದ ತಳಿಯ ಎಲೆ ಹೊರಗೆ ಹೋದರೆ ಅದರ ಗುಟ್ಟೂ ಹೋಯಿತು. ನಾನು ಮೊದಲೇ ಅನುಮಾನದ ಪ್ರಾಣಿ. ತರಕಾರಿಯವನು ನಕ್ಕರೆ ತಕ್ಕಡಿ ನೋಡುವವಳು. ಆ ದಿನದಿಂದ ಸಹೋದ್ಯೋಗಿಗಳ ಕೈಚೀಲಗಳೂ ನನಗೆ ದಪ್ಪಗೆ ಕಾಣತೊಡಗಿದವು.

ಆದರೆ ಮನಸ್ಸು ತಿರುತಿರುಗಿ ಬಂದು ನಿಂತದ್ದು ಒಬ್ಬಳ ಮೇಲೆ. ನನ್ನ ಕೈಕೆಳಗೆ ಪಿಎಚ್‌ಡಿ ಮಾಡಲು ಮೊಜಾಂಬಿಕ್‌ನಿಂದ ಬಂದಿದ್ದ ಹುಡುಗಿ. ಇಪ್ಪತ್ತಾರು ವರ್ಷ. ಜನವರಿಯಲ್ಲಿ ಒಂದು ಸೂಟ್‌ಕೇಸು, ಅರ್ಧಂಬರ್ಧ ಇಂಗ್ಲಿಷು ಹಿಡಿದುಕೊಂಡು ಬಂದಿದ್ದಳು. ಕೇಂದ್ರದ ಹತ್ತಿರದ ಶ್ರೀಕಾರ್ಯಂನಲ್ಲಿ ಐದು ಮನೆಗಳವರು ಫೋನಿನಲ್ಲಿ ಕೋಣೆ ಇದೆ ಎಂದು, ಮುಖ ನೋಡಿದ ಮೇಲೆ ಇಲ್ಲ ಎಂದಿದ್ದರು. ಕೊನೆಗೆ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತು, ಅಲ್ಲಿ ಒಲೆ ಹಚ್ಚುವ ಹಾಗಿಲ್ಲ. ಅಂಗಡಿಯಲ್ಲಿ ನಿಂತರೆ ಹುಡುಗರು ಮೊಬೈಲ್ ಎತ್ತಿ ವಿಡಿಯೊ ಮಾಡುತ್ತಿದ್ದರು. ಬಸ್ಸಿನಲ್ಲಿ ಹೆಂಗಸರು ಕೇಳದೆಯೇ ಅವಳ ಜಡೆ ಮುಟ್ಟುತ್ತಿದ್ದರು. ಇದೆಲ್ಲ ಅವಳು ಹೇಳಿದ್ದಲ್ಲ, ಚೇಚ್ಚಿ ಹೇಳಿದ್ದು. ಚೇಚ್ಚಿ ಅವಳನ್ನು 'ಮೋಳೆ' ಎಂದು ಮಗಳನ್ನು ಕರೆದಂತೆ ಕರೆಯುತ್ತಿದ್ದಳು. ನನ್ನ ಹತ್ತಿರ ಆ ಹುಡುಗಿ ಎಸ್ ಮೇಡಂ, ನೋ ಮೇಡಂ, ಅಷ್ಟೇ. ಅಷ್ಟು ವಿನಯ ನನಗೆ ಸರಿಬರುತ್ತಿರಲಿಲ್ಲ.

ಈಗ ಒಂದೊಂದೇ ನೆನಪಾಗತೊಡಗಿತು. ಸೆಪ್ಟೆಂಬರ್‌ನಲ್ಲಿ ಅವಳು, "ಮೇಡಂ, ತಾಕಿನ ಅಂಚಿನ ಸಾಲಿನ ಎಲೆಯನ್ನು ಏನು ಮಾಡುತ್ತೀರಿ?" ಎಂದು ಕೇಳಿದ್ದಳು. "ಏನೂ ಮಾಡುವುದಿಲ್ಲ, ಯಾರಿಗೂ ಬೇಡ," ಎಂದಿದ್ದೆ. ಇನ್ನೊಂದು ದಿನ ಚೇಚ್ಚಿಯ ಹತ್ತಿರ ದೊಡ್ಡ ಒರಳು ಎಲ್ಲಿ ಸಿಗುತ್ತದೆಂದು ವಿಚಾರಿಸಿದ್ದಳಂತೆ. ಡಿಎನ್‌ಎ ತೆಗೆಯುವವರೂ ಎಲೆಯನ್ನು ಒರಳಿನಲ್ಲೇ ಅರೆಯುತ್ತಾರೆ. ನನಗೆ ಇನ್ನೇನು ಬೇಕು.

ಮೂರನೇ ತಾಕಿನ ಗಿಡಗಳ ಎಳೆ ತೊಟ್ಟುಗಳಿಗೆ ಹಸಿರು ಉಲ್ಲನ್ ದಾರ ಕಟ್ಟಿದೆ, ಕಟ್ಟಿದ್ದು ಯಾರಿಗೂ ಕಾಣದ ಹಾಗೆ. ಗುರುವಾರ ನೋಡಿದೆ, ಇತ್ತು. ಶುಕ್ರವಾರ ಸಂಜೆ ನೋಡಿದೆ, ಇತ್ತು. ಸೋಮವಾರ ಹನ್ನೆರಡು ದಾರಗಳು ಎಲೆಯ ಜೊತೆಗೇ ಮಾಯ. ಅಂದರೆ ರಜೆಯ ದಿನ. ಗೇಟಿನ ಕಾವಲುಗಾರನ ರಿಜಿಸ್ಟರ್ ತೆಗೆಸಿದೆ. ಐದು ವಾರದಿಂದ ಪ್ರತಿ ಶನಿವಾರ ಬೆಳಿಗ್ಗೆ ಆರಕ್ಕೆ ಅವಳ ಸಹಿ. ಕಾರಣದ ಕಾಲಮ್ಮಿನಲ್ಲಿ 'ವೀಕ್ಷಣೆ'.

"ಕೈಯಲ್ಲಿ ಏನಾದರೂ ಇತ್ತೇ?" ಎಂದೆ.

"ಪೆಟ್ಟಿ ಇತ್ತು ಮೇಡಂ. ಬಿಳಿ ಥರ್ಮೊಕೋಲ್ ಪೆಟ್ಟಿ. ಒಳಗೆ ಐಸ್. ಎರ್ನಾಕುಲಂ ರೈಲು ಹಿಡಿಯಬೇಕು ಅಂತ ಓಡ್ತಾಳೆ."

ಐಸ್ ಪೆಟ್ಟಿ, ಎರ್ನಾಕುಲಂ, ಅದರಾಚೆ ವಿಮಾನ ನಿಲ್ದಾಣ. ನನ್ನ ಮನಸ್ಸಿನಲ್ಲಿ ಮೊಕದ್ದಮೆ ಮುಗಿದೇ ಹೋಯಿತು.

ವಿಭಾಗದ ಮುಖ್ಯಸ್ಥರು ಎಲ್ಲವನ್ನೂ ಕೇಳಿ ಕನ್ನಡಕ ತೆಗೆದಿಟ್ಟರು. ವಿದೇಶಿಯರು ಜೈವಿಕ ವಸ್ತುವನ್ನು ಅನುಮತಿಯಿಲ್ಲದೆ ಒಯ್ಯುವುದು ಅಪರಾಧ. ದೂರು ಹೋದರೆ ಪೊಲೀಸರು ಬರುತ್ತಾರೆ, ಅವಳ ವೀಸಾ ಹೋಗುತ್ತದೆ. ಇದರ ಮಧ್ಯೆ ಇನ್ನೊಂದು ಕಾಗದ ನನ್ನ ಮೇಜಿನ ಮೇಲೆ ಒಂಬತ್ತು ದಿನದಿಂದ ಬಿದ್ದಿತ್ತು. ಅವಳ ವಾಸದ ಪರವಾನಗಿ ನವೀಕರಿಸಲು ಮಾರ್ಗದರ್ಶಕಿಯಾಗಿ ನಾನು ಕೊಡಬೇಕಾದ ನಡತೆಯ ಪತ್ರ. ಅದನ್ನು ಮುಂದಿನ ವಾರದ ಬುಧವಾರದೊಳಗೆ ಆನ್‌ಲೈನ್‌ನಲ್ಲಿ ಏರಿಸದಿದ್ದರೆ ಅವಳು ದೇಶ ಬಿಡಬೇಕು.

"ಬರುವ ಸೋಮವಾರ ಎರಡರಲ್ಲಿ ಒಂದು ನನ್ನ ಮೇಜಿಗೆ ಬರಲಿ," ಎಂದರು ಮುಖ್ಯಸ್ಥರು. "ದೂರು, ಇಲ್ಲ ಪತ್ರ. ಅನುಮಾನ ಅಂತ ಮಾತ್ರ ಬರೆಯಬೇಡಿ. ನೋಡಿದ್ದನ್ನು ಬರೆಯಿರಿ."

ನೋಡಲೇಬೇಕೆಂದು ಹಟ ಹುಟ್ಟಿತು. ನನ್ನ ಗಂಡ ಎರ್ನಾಕುಲಂನಲ್ಲಿ ಬ್ಯಾಂಕಿನ ನೌಕರಿಯಲ್ಲಿದ್ದಾರೆ, ಮಗಳು ಅಲ್ಲೇ ಓದುತ್ತಾಳೆ. ನಾನು ಶುಕ್ರವಾರ ಸಂಜೆಯ ರೈಲಿಗೆ ಹೋಗುವವಳು. ಆ ವಾರ ಹೋಗಲಿಲ್ಲ. ಶನಿವಾರ ಬೆಳಿಗ್ಗೆ ನಿಲ್ದಾಣದಲ್ಲಿ ದುಪಟ್ಟಾವನ್ನು ತಲೆಗೆ ಸುತ್ತಿಕೊಂಡು ಕಂಬದ ಹಿಂದೆ ನಿಂತೆ. ಐವತ್ತರ ಹೆಂಗಸು, ಸರ್ಕಾರಿ ನೌಕರಿಯವಳು, ಕಂಬದ ಹಿಂದೆ. ಈಗ ನೆನೆದರೆ ಮೈ ಮುದುಡುತ್ತದೆ, ಆಗ ನಾನು ದೇಶ ಕಾಯುತ್ತಿದ್ದೆ.

ಅವಳು ಬಂದಳು. ಪೆಟ್ಟಿ ಇತ್ತು. ನಾಲ್ಕು ಗಂಟೆಯ ದಾರಿಯುದ್ದಕ್ಕೂ ಅದನ್ನು ತೊಡೆಯಿಂದ ಇಳಿಸಲಿಲ್ಲ. ಒಬ್ಬರು ಅವಳ ಪಕ್ಕದ ಸೀಟು ಖಾಲಿಯಿದ್ದರೂ ನಿಂತೇ ಪ್ರಯಾಣ ಮಾಡಿದರು. ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಎರ್ನಾಕುಲಂನಲ್ಲಿ ಇಳಿದು ಮೆಟ್ರೊ ಹತ್ತಿದಳು. ನಾನು ಮುಂದಿನ ಬೋಗಿ ಹತ್ತಿದೆ. ಅಷ್ಟರಲ್ಲಿ ಗಂಡನ ಫೋನು.

"ಎಲ್ಲಿದ್ದೀ? ಮಗಳು ದಾರಿ ಕಾಯಾಕತ್ತಾಳ."

"ಮೆಟ್ರೊದಾಗ ಅದೀನಿ. ಸಣ್ಣದೊಂದು ಕೆಲಸ ಐತಿ, ಮುಗಿಸ್ಕೊಂಡ ಬರ್ತೀನಿ."

"ಶನಿವಾರ ಎಂಥಾ ಕೆಲಸ?"

"ಬಂದ್ ಹೇಳ್ತೀನಿ, ಇಡ್ರಿ ಫೋನು."

ಕಳಮಶ್ಶೇರಿಯಲ್ಲಿ ಇಳಿದು ಅವಳು ಒಂದು ಓಣಿ ಹೊಕ್ಕಳು. ಗೇಟಿಗೆ ಬಣ್ಣ ಹೋದ ಒಂದು ಹಳೆಯ ಮನೆ. ಹೊರಗೆ ಆರು ಜೊತೆ ಚಪ್ಪಲಿ. ಒಳಗಿಂದ ಧಬ್ ಧಬ್ ಎಂದು ಕುಟ್ಟುವ ಸದ್ದು ಶುರುವಾಯಿತು. ಸ್ವಲ್ಪ ಹೊತ್ತು ಓಣಿಯ ತುದಿಯಲ್ಲಿ ನಿಂತು ಫೋನಿನಲ್ಲಿ ಮನೆಯ ಫೋಟೊ ತೆಗೆದೆ. ಮುಕ್ಕಾಲು ಗಂಟೆಯಾದರೂ ಪೆಟ್ಟಿ ತೆಗೆದುಕೊಂಡು ಯಾರೂ ಹೊರಗೆ ಬರಲಿಲ್ಲ. ತಾಳ್ಮೆ ತಪ್ಪಿ ಹೋಗಿ ಬಾಗಿಲು ತಟ್ಟಿದೆ.

ಬಾಗಿಲು ತೆಗೆದವಳು ಅವಳೇ. ಮುಂಗೈ ತನಕ ಹಸಿರು. ಹಿಂದೆ ಅಡುಗೆಮನೆ ಕಾಣುತ್ತಿತ್ತು. ಒಬ್ಬ ಹುಡುಗ ಮರದ ಒರಳಿನಲ್ಲಿ ಕುಟ್ಟುತ್ತಿದ್ದ, ಇಬ್ಬರು ಕೂತು ಸಿಗಡಿ ಬಿಡಿಸುತ್ತಿದ್ದರು, ಒಬ್ಬಳು ತೆಂಗಿನಕಾಯಿ ತುರಿಯುತ್ತಿದ್ದಳು. ಒಲೆಯ ಮೇಲೆ ಮುಚ್ಚಳವಿಲ್ಲದ ದೊಡ್ಡ ಪಾತ್ರೆಯಲ್ಲಿ ಹಸಿರು ಮುದ್ದೆ ಕುದಿಯುತ್ತಿತ್ತು. ಹುರಿದ ಶೇಂಗಾದ ಘಮ ಮನೆ ತುಂಬ.

ನನಗೆ ಎಲ್ಲ ಒಮ್ಮೆಲೇ ಅರ್ಥವಾಯಿತು. ಎಲೆ ಹೋಗುತ್ತಿದ್ದದ್ದು ಪ್ರಯೋಗಾಲಯಕ್ಕಲ್ಲ, ಹೊಟ್ಟೆಗೆ.

"ಯಾವ ತಳಿಯ ಎಲೆ?"

"ಹನ್ನೊಂದು," ಎಂದಳು.

"ಅದು ಕಹಿ ತಳಿ. ವಿಷ ಜಾಸ್ತಿ. ಒಲೆ ಆರಿಸು ಮೊದಲು."

ಯಾರೂ ಏಳಲಿಲ್ಲ. ಅವಳು ನನ್ನನ್ನೇ ನೋಡುತ್ತ ನಿಂತಿದ್ದಳು. "ಗೊತ್ತು ಮೇಡಂ. ನಮ್ಮ ಕಡೆ ಕಹಿ ಎಲೆಗೇ ರುಚಿ ಅನ್ನುತ್ತಾರೆ. ಚೆನ್ನಾಗಿ ಕುಟ್ಟಿ, ಹಾಗೇ ಬಿಟ್ಟು, ಆಮೇಲೆ ಮುಚ್ಚಳ ಇಲ್ಲದೆ ಗಂಟೆಗಟ್ಟಲೆ ಕುದಿಸುತ್ತೇವೆ. ಅಜ್ಜಿ ಕಲಿಸಿದ್ದು. ಅಜ್ಜಿಯನ್ನು ನಂಬದಿದ್ದರೆ ಇದನ್ನು ನೋಡಿ."

ಚೀಲದಿಂದ ನೋಟ್‌ಬುಕ್ ತೆಗೆದುಕೊಟ್ಟಳು. ಪುಟಪುಟಕ್ಕೂ ಹಳದಿ ಕಾಗದದ ಪಟ್ಟಿಗಳು ಅಂಟಿದ್ದವು. ಸಯನೈಡ್ ಇದ್ದರೆ ಅವು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತವೆ, ಪ್ರಯೋಗಾಲಯದಲ್ಲಿ ನಾನೇ ಅವಳಿಗೆ ಕಲಿಸಿದ ಪರೀಕ್ಷೆ. ಹಸಿ ಎಲೆಯದು ಇಟ್ಟಿಗೆ ಕೆಂಪು. ಕುಟ್ಟಿ ಇಟ್ಟದ್ದು ತಿಳಿಗೆಂಪು. ಬೇಯಿಸಿದ್ದು ಅಪ್ಪಟ ಹಳದಿ. ಐದು ವಾರದ್ದೂ ಇತ್ತು. ಪ್ರತಿ ಪುಟದಲ್ಲಿ ಗಿಡದ ಸಂಖ್ಯೆ, ಕಿತ್ತ ಎಲೆಗಳ ಸಂಖ್ಯೆ. ನಾನು ಸೋಮವಾರ ಕೊರತೆ ಎಂದು ಬರೆದುಕೊಂಡದ್ದೆಲ್ಲ ಅಲ್ಲಿ ಎಲೆ ಎಲೆಗೂ ತಾಳೆಯಾಯಿತು. ಒಂದು ಪುಟದಲ್ಲಿ ನನ್ನ ಹಸಿರು ದಾರ. 'ತೊಟ್ಟಿನಲ್ಲಿ ದಾರ ಇತ್ತು, ಕಾರಣ ತಿಳಿಯದು' ಎಂದು ಪೆನ್ಸಿಲಿನಲ್ಲಿ ಬರೆದಿದ್ದಳು.

"ಇದನ್ನು ಹಾಸ್ಟೆಲಿನಲ್ಲಿ ಮಾಡುವಂತಿಲ್ಲ," ಎಂದಳು. "ಇವರೆಲ್ಲ ಇಲ್ಲಿ ಓದುವ ನಮ್ಮ ಊರಿನವರು, ಅಡುಗೆಮನೆ ಇದೆ. ಎಲೆ ಬಾಡಬಾರದು ಅಂತ ಐಸ್."

"ಕೇಳದೆ ಕೀಳಬಹುದಾ? ಅದು ಪ್ರಯೋಗದ ತಾಕು," ಎಂದೆ. ದನಿ ಏರಿತ್ತು.

"ನಮ್ಮಲ್ಲಿ ಗೆಡ್ಡೆಗೆ ಯಜಮಾನ ಇರುತ್ತಾನೆ, ಎಲೆಗೆ ಇರುವುದಿಲ್ಲ. ದಾರಿ ಪಕ್ಕದ ಹೊಲದಲ್ಲಿ ಯಾರು ಬೇಕಾದರೂ ಒಂದು ಹಿಡಿ ಕಿತ್ತುಕೊಳ್ಳಬಹುದು. ಆದರೂ ನಿಮ್ಮನ್ನು ಕೇಳಿದ್ದೆ. ಅಂಚಿನ ಸಾಲಿನ ಎಲೆ ಯಾರಿಗೂ ಬೇಡ ಅಂದಿರಿ."

"ನೀನು ಕಿತ್ತದ್ದು ಅಂಚಿನ ಸಾಲಲ್ಲ."

ಅವಳು ನನ್ನ ಕೈಯಲ್ಲಿದ್ದ ನೋಟ್‌ಬುಕ್ಕಿನ ಹಿಂದಿನ ರಟ್ಟಿನಿಂದ ಮಡಿಸಿದ ಕಾಗದ ಬಿಚ್ಚಿದಳು. ಪ್ರಯೋಗದ ನಕ್ಷೆ. ಪ್ರತಿ ತಾಕಿನ ಸುತ್ತ ಒಂದು ಅಂಚಿನ ಸಾಲು ಬಿಡುವುದು ನಿಯಮ. ಪಕ್ಕದ ತಳಿಯ ನೆರಳು ಬಿದ್ದು ಲೆಕ್ಕ ಕೆಡದಿರಲಿ ಎಂದು ಆ ಗಿಡಗಳನ್ನು ಎಣಿಸುವುದಿಲ್ಲ, ತೂಗುವುದೂ ಇಲ್ಲ. ನಕ್ಷೆಯಲ್ಲಿ ಹನ್ನೊಂದರ ಮೂರನೇ ತಾಕಿಗೂ ಅಂಚಿನ ಸಾಲು ಇತ್ತು. ಅವಳು ಬೆರಳಿಟ್ಟು ತೋರಿಸಿದಳು. ಕಿತ್ತದ್ದೆಲ್ಲ ಅದರದ್ದೇ. ಕೆಳಗೆ ನನ್ನ ಸಹಿ.

ಹೊಲದಲ್ಲಿ ಆ ಸಾಲು ಇರಲೇ ಇಲ್ಲ. ನಾಟಿಯ ದಿನ ಕಡ್ಡಿ ಸಾಲದೆ ಹೋದಾಗ ನಾನು ಮಾಡಿದ ಹೊಂದಾಣಿಕೆ ಅದೇ. ಆ ಒಂದು ತಾಕಿಗೆ ಅಂಚಿನ ಸಾಲು ಹಾಕಿಸಿರಲಿಲ್ಲ. ಹೊರಗಿನ ಗಿಡಗಳನ್ನೇ ಲೆಕ್ಕದ ಗಿಡ ಎಂದು ಎಣಿಸುತ್ತಿದ್ದೆ. ನಕ್ಷೆ ಮಾತ್ರ ನಿಯಮದಂತೆ ಬರೆದು ಸಹಿ ಹಾಕಿದ್ದೆ. ಆ ತಿಂಗಳು ಅವಳು ತರಗತಿಗಳಲ್ಲಿದ್ದಳು, ಹೊಲಕ್ಕೆ ಬಂದಿರಲಿಲ್ಲ. ನನ್ನ ಕಾಗದವನ್ನು ನಂಬಿದಳು.

ಅಡುಗೆಮನೆಯಲ್ಲಿದ್ದವರಲ್ಲಿ ಒಬ್ಬಳು ಒಂದು ತಟ್ಟೆಗೆ ಅನ್ನ ಬಡಿಸಿ, ಅದರ ಮೇಲೆ ಹೋದ ವಾರ ಮಾಡಿ ಫ್ರಿಜ್ಜಿನಲ್ಲಿಟ್ಟಿದ್ದ ಹಸಿರು ಗೊಜ್ಜನ್ನು ಬಿಸಿ ಮಾಡಿ ಹಾಕಿ ನನ್ನ ಮುಂದೆ ಹಿಡಿದಳು. ಇದರ ಹೆಸರು ಮಟಾಪಾ ಎಂದಳು. ಹೊಟ್ಟೆ ತುಂಬಿದೆ ಎಂದು ಸುಳ್ಳು ಹೇಳಿದೆ. ಬೆಳಿಗ್ಗೆಯಿಂದ ಒಂದು ಲೋಟ ಚಹಾದ ಮೇಲಿದ್ದೆ, ಆದರೂ ಕೈ ಮುಂದೆ ಹೋಗಲಿಲ್ಲ. ಬಾಗಿಲ ತನಕ ಬಂದ ಹುಡುಗಿ ತಗ್ಗಿದ ದನಿಯಲ್ಲಿ ಕೇಳಿದಳು.

"ಮೇಡಂ, ನೀವು ತಿರುವನಂತಪುರದಿಂದ ನನ್ನ ಹಿಂದೆಯೇ ಬಂದಿರಾ?"

ಹೌದು ಎಂದೆ.

"ಹಾಗಾದರೆ ನನ್ನ ಪತ್ರ?"

"ಸೋಮವಾರ," ಎಂದಷ್ಟೇ ಹೇಳಿ ಓಣಿಗೆ ಇಳಿದೆ.

ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ದೂರು ಬರೆಯುವುದು ಬಲು ಸುಲಭ, ಅರ್ಧ ಬರೆದೂ ಆಗಿತ್ತು. ಅನುಮತಿಯಿಲ್ಲದೆ, ರಜಾದಿನದಲ್ಲಿ, ಬಿಡುಗಡೆಯಾಗದ ತಳಿಯ ಎಲೆ ಕಿತ್ತು ಕೇಂದ್ರದ ಹೊರಗೆ ಒಯ್ದಿದ್ದಾಳೆ. ಒಂದು ಅಕ್ಷರವೂ ಸುಳ್ಳಲ್ಲ. ಹನ್ನೊಂದನೇ ತಳಿಯ ಮೂರನೇ ತಾಕಿನ ಲೆಕ್ಕ ಕೆಟ್ಟದ್ದಕ್ಕೆ ಕಾರಣ ಸಿಕ್ಕಂತಾಗುತ್ತದೆ, ಆ ತಾಕನ್ನು ಕಳ್ಳತನದ ನಷ್ಟ ಎಂದು ಬಿಟ್ಟು ಉಳಿದ ಎರಡರ ಮೇಲೆ ತಳಿಯನ್ನು ಮುಂದೆ ಕಳಿಸಬಹುದು. ನಕ್ಷೆಯನ್ನು ಯಾರೂ ಹೊಲದ ಜೊತೆ ಹೋಲಿಸಿ ನೋಡುವುದಿಲ್ಲ. ಹೊರದೇಶದ ಹುಡುಗಿಯ ನೋಟ್‌ಬುಕ್ಕಿಗಿಂತ ನನ್ನ ಸಹಿಗೇ ತೂಕ ಹೆಚ್ಚು. ಇದನ್ನೆಲ್ಲ ನಾನು ಯೋಚಿಸಿದೆ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಗಂಡನಿಗೆ ಹೇಳಿದೆ. ಅವರು ಪೇಪರ್ ಓದುತ್ತಲೇ ಕೇಳಿಸಿಕೊಂಡರು.

"ನೀ ಈ ಕಡೆ ಹೊಸದಾಗಿ ಬಂದಾಗ ನಿಮ್ಮವ್ವ ಊರಿಂದ ಬಸ್ಸಿನ್ಯಾಗ ಜ್ವಾಳದ ರೊಟ್ಟಿ ಗಂಟು ಕಳಸ್ತಿದ್ಲು. ಗಂಟು ಬಿಚ್ಚಿ ತೋರ್ಸು ಅಂತ ಯಾರರ ಕೇಳಿದ್ರೇನು ನಿನ್ನ?"

"ಅದು ನಮ್ಮ ಮನಿ ರೊಟ್ಟಿ. ಇದು ಸರಕಾರದ ಎಲಿ."

"ಹಂಗಾರ ಬರಿ. ನಿನ್ನ ನಕ್ಷಾ ಸುಳ್ಳ ಐತಿ ಅನ್ನೂದನ್ನೂ ಅದರಾಗ ಬರಿ."

ಸಿಟ್ಟು ಬಂತು. ಪಕ್ಕದಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ತಲೆ ಎತ್ತದೆ, "ಅಮ್ಮ, ಆ ಚೇಚ್ಚಿಕ್ಕ್ ವಿಶನ್ನಿಟ್ಟಲ್ಲೇ," ಎಂದಳು. ಆ ಅಕ್ಕನಿಗೆ ಹಸಿವಾಗಿಯೇ ಅಲ್ಲವಾ ಎಂದು. ನಮ್ಮ ಮಾತೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ಸಂಜೆಯವರೆಗೆ ಕೂತು ದೂರಿನ ಕಡತ ಅಳಿಸಿ, ಹೊಸ ಹಾಳೆಯಲ್ಲಿ ನಾಟಿಯ ದಿನ ಏನಾಯಿತೆಂದು ಇದ್ದದ್ದು ಇದ್ದ ಹಾಗೆ ಬರೆದೆ.

ಸೋಮವಾರ ಮುಖ್ಯಸ್ಥರು ಎರಡು ಕಾಗದ ನೋಡಿ ಗೊಂದಲಪಟ್ಟರು. ಒಂದು ಅವಳ ಪತ್ರ, ಇನ್ನೊಂದು ನನ್ನ ತಪ್ಪಿನ ವರದಿ.

"ಇದನ್ನು ಕೊಟ್ಟರೆ ಹನ್ನೊಂದು ಈ ವರ್ಷ ಹೋಗುವುದಿಲ್ಲ. ಮೂರನೇ ವರ್ಷವನ್ನು ಮತ್ತೆ ಮಾಡಬೇಕು. ನಿಮ್ಮ ಸೇವಾ ಕಡತಕ್ಕೂ ಸೇರುತ್ತದೆ."

"ಗೊತ್ತು ಸರ್."

"ಆ ಹುಡುಗಿಗೋಸ್ಕರವಾ?"

"ಅವಳು ಅಂಚಿನ ಸಾಲನ್ನೇ ಕಿತ್ತದ್ದು ಸರ್. ಅಂಚು ಇಲ್ಲದ್ದು ನನ್ನ ತಾಕಿನಲ್ಲಿ."

ಅವರು ಎರಡಕ್ಕೂ ಮೊಹರು ಹಾಕಿದರು. ಹೊರಗೆ ಬಂದಾಗ ಕಣ್ಣಲ್ಲಿ ನೀರು ಬಂತು. ಹುಡುಗಿಗಾಗಿ ಅಲ್ಲ, ನನ್ನ ತಳಿಗಾಗಿ ಬಂದದ್ದು.

ಮಧ್ಯಾಹ್ನ ಅವಳನ್ನು ಕರೆಸಿ ಪತ್ರ ಕೊಟ್ಟೆ. ಇನ್ನು ಮೇಲೆ ನಿಜವಾದ ಅಂಚಿನ ಸಾಲುಗಳನ್ನು ಚೇಚ್ಚಿ ತೋರಿಸುತ್ತಾಳೆ, ಬೇಕಾದಷ್ಟು ಕಿತ್ತುಕೋ, ಅನುಮತಿ ಪಡೆದಿದ್ದೇನೆ ಎಂದೆ. ಅವಳು ನಗಬಹುದು, ಥ್ಯಾಂಕ್ಸ್ ಎನ್ನಬಹುದು ಎಂದು ಕಾದೆ. ಅವಳು ನಿಂತಲ್ಲೇ ಪತ್ರ ಓದತೊಡಗಿದಳು. ಮೇಲಿನಿಂದ ಕೆಳಗೆ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು. ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದಿದಳು.

"ಇಲ್ಲಿ ನಡತೆ ತೃಪ್ತಿಕರ ಅಂತ ಇದೆ. ಇದು ಒಳ್ಳೆಯ ಪದವೇ, ಅಥವಾ ಓದುವವರಿಗೆ ಬೇರೆ ಏನಾದರೂ ಅರ್ಥವಾಗುತ್ತದೆಯೇ?"

"ಒಳ್ಳೆಯದೇ. ಎಲ್ಲರಿಗೂ ಅದನ್ನೇ ಬರೆಯುತ್ತೇವೆ."

"ಇದರ ನಂತರ ನನಗೆ ತೋರಿಸದೆ ಇನ್ನೊಂದು ಪತ್ರ ಕಳಿಸುತ್ತೀರಾ ಮೇಡಂ?"

"ಇಲ್ಲ."

"ಅದನ್ನೂ ಬರೆದುಕೊಡುತ್ತೀರಾ?"

ದನಿಯಲ್ಲಿ ಸಿಟ್ಟಿರಲಿಲ್ಲ, ವಿನಯವೂ ಇರಲಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ಇದನ್ನೇ ಕೇಳುತ್ತಿದ್ದೆ. ಪೆನ್ನು ತೆಗೆದು, ಬೇರೆ ಹಾಳೆಯಲ್ಲಿ, ಇವಳ ಬಗ್ಗೆ ಇವಳಿಗೆ ತಿಳಿಸದೆ ಯಾವ ಕಚೇರಿಗೂ ನಾನು ಏನನ್ನೂ ಬರೆಯುವುದಿಲ್ಲ ಎಂದು ಬರೆದು ಸಹಿ ಹಾಕಿದೆ. ಅವಳು ಅದನ್ನು ಮೇಜಿನ ಮೇಲೆ ಹರಡಿ ಮೊಬೈಲಿನಲ್ಲಿ ಫೋಟೊ ತೆಗೆದಳು. ಸಹಿ ಸರಿಯಾಗಿ ಬಂದಿಲ್ಲವೆಂದು ಹತ್ತಿರದಿಂದ ಇನ್ನೊಂದು ತೆಗೆದುಕೊಂಡಳು.